ಕಂಪ್ಯೂಟರ್ ಕೈಪಿಡಿಗಳು ರದ್ದಿಗೆ ಹೋಗದಿರಲಿ

ಮಾನ್ಯ ಸಂಪಾದಕರೇ,

ಗದುಗಿನ ಮುದ್ರಣಾಲಯಗಳಲ್ಲೂ ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಲ್ಲೂ ವರ್ಷಗಟ್ಟಲೆ ಮೂಲೆ ಸೇರಿದ್ದ ಹಳೆಯ ಕಂಪ್ಯೂಟರ್‌ಗಳು ಈಗ ಇ-ತ್ಯಾಜ್ಯವಾಗಿ ವಿಲೇವಾರಿಯಾಗುತ್ತಿವೆ. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಅವು ನೋಂದಾಯಿತ ಮರುಸಂಸ್ಕರಣಾ ಘಟಕಗಳಿಗೆ ಹೋಗುವುದು ಸರಿಯೇ. ಗಾಜಿನಲ್ಲಿ ಸೀಸವಿರುವ ಹಳೆಯ ಮಾನಿಟರನ್ನು ಗುಜರಿ ಅಂಗಡಿಯ ಹಿಂದೆ ಒಡೆಯುವುದನ್ನು ಯಾರೂ ಒಪ್ಪಲಾರರು. ನನ್ನ ತಕರಾರು, ಆ ಯಂತ್ರಗಳ ಜೊತೆಗೆ ಬಂದ ಕೈಪಿಡಿಗಳು ಅದಕ್ಕೂ ಮೊದಲೇ ರದ್ದಿಯ ತೂಕಕ್ಕೆ ಮಾರಾಟವಾಗುತ್ತಿರುವುದರ ಬಗ್ಗೆ.

ಇಂಥವನ್ನು ಸಂಗ್ರಹಿಸುವ ನನ್ನಂಥವರಿಗೆ ಯಂತ್ರ ಹೇಗೋ ಸಿಗುತ್ತದೆ, ಅದರ ಪುಸ್ತಕ ಸಿಗುವುದಿಲ್ಲ. ಹಳೆಯ ಪಿಸಿಯ ಮದರ್‌ಬೋರ್ಡಿನ ಬ್ಯಾಟರಿ ಮುಗಿದರೆ ಹಾರ್ಡ್ ಡಿಸ್ಕಿನ ಒಳವಿನ್ಯಾಸವನ್ನು ಯಂತ್ರಕ್ಕೆ ತಿಳಿಸುವ ಸಿಲಿಂಡರ್, ಹೆಡ್, ಸೆಕ್ಟರ್‌ಗಳ ಸಂಖ್ಯೆ ಅಳಿಸಿಹೋಗುತ್ತದೆ. ಅವನ್ನು ಕೈಪಿಡಿ ನೋಡಿ ಮತ್ತೆ ತುಂಬದ ಹೊರತು ಡಿಸ್ಕ್ ತೆರೆಯುವುದಿಲ್ಲ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಪುಟ್ಟ ಸ್ವಿಚ್‌ಗಳಲ್ಲಿ ಯಾವುದು ಏನನ್ನು ಬದಲಿಸುತ್ತದೆ ಎಂಬುದೂ ಅಷ್ಟೇ, ಊಹೆಗೆ ಸಿಗುವಂಥದ್ದಲ್ಲ.

ಕನ್ನಡದ ಮಟ್ಟಿಗಂತೂ ಈ ನಷ್ಟ ಇನ್ನೂ ದೊಡ್ಡದು. ಐಐಟಿ ಕಾನ್ಪುರದಲ್ಲಿ ಹುಟ್ಟಿ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್ (ಕಂಪ್ಯೂಟರಿನೊಳಗೆ ಕೂರಿಸುವ ಫಲಕ), ವಿಂಡೋಸ್‌ಗೂ ಹಿಂದಿನ ಡಾಸ್ ವ್ಯವಸ್ಥೆಯ ಪರದೆಯ ಮೇಲೆ ಭಾರತೀಯ ಲಿಪಿಗಳನ್ನು ಮೂಡಿಸುತ್ತಿತ್ತು. 1991ರಲ್ಲಿ, ಭಾರತೀಯ ಲಿಪಿಗಳ ಒಂದೊಂದು ಅಕ್ಷರಕ್ಕೂ ಸಂಖ್ಯೆ ಗೊತ್ತುಮಾಡುವ ಇಸ್ಕಿ ಸಂಕೇತ ರಾಷ್ಟ್ರೀಯ ಮಾನಕವಾದರೂ, ಪುಟ ಜೋಡಿಸುವ ಡಿಟಿಪಿ ತಂತ್ರಾಂಶಗಳು ಒಂದೊಂದೂ ತಮ್ಮದೇ ಅಕ್ಷರಸಂಕೇತಗಳನ್ನು ಬಳಸಿದವು. ಹೀಗಾಗಿ ಎಲ್ಲ ಭಾಷೆಗಳಿಗೂ ಒಂದೇ ಸಂಕೇತವಾದ ಯೂನಿಕೋಡ್ ಬರುವ ಮೊದಲು ನಮ್ಮೂರಿನ ಪ್ರೆಸ್ಸುಗಳಲ್ಲಿ ಜೋಡಿಸಿದ ಪುಸ್ತಕದ ಕಡತವೊಂದು ಇಂದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಅದನ್ನು ಬಿಡಿಸಲು ಬೇಕಾದ ಕೋಷ್ಟಕ ಉಳಿದಿದ್ದರೆ ಅದು ಆ ತಂತ್ರಾಂಶದ ಪುಸ್ತಕದಲ್ಲಿಯೇ. ತಂತ್ರಾಂಶದ ನಕಲು ತಡೆಯಲು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುತ್ತಿದ್ದ, ಡಿಟಿಪಿಯವರು 'ಲಾಕ್' ಎನ್ನುತ್ತಿದ್ದ ತುಂಡನ್ನು ಕಸವೆಂದು ಎಸೆದರೆ ತಂತ್ರಾಂಶವೇ ಶುರುವಾಗುವುದಿಲ್ಲ.

ಕಾಲೇಜುಗಳ ದಾಸ್ತಾನು ಪುಸ್ತಕದಲ್ಲಿ ಯಂತ್ರಕ್ಕೆ ಸಂಖ್ಯೆಯಿರುತ್ತದೆ, ಕೈಪಿಡಿಗೆ ಸಾಮಾನ್ಯವಾಗಿ ಇರುವುದಿಲ್ಲ, ಕಳೆದರೆ ಕೇಳುವವರಿಲ್ಲ. ಹರಾಜಿಗೆ ಮೊದಲು ಕೈಪಿಡಿ, ಫ್ಲಾಪಿ, ಲಾಕ್‌ಗಳನ್ನು ಬೇರ್ಪಡಿಸಿ ಪಟ್ಟಿ ಮಾಡುವಂತೆ ಆಡಳಿತ ಮಂಡಳಿಗಳು ಸೂಚಿಸಬೇಕು. ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರವೋ ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯವೋ ಪ್ರತಿ ಮಾದರಿಯ ಒಂದು ಜೊತೆಯನ್ನು ಪಡೆದು, ಪುಟಗಳನ್ನು ಸ್ಕ್ಯಾನ್ ಮಾಡಿಡಲು ಮುಂದಾಗಬೇಕು. ಯಂತ್ರವನ್ನು ಮನೆಯಲ್ಲೇ ಉಳಿಸಿಕೊಳ್ಳುವವರು ಮದರ್‌ಬೋರ್ಡಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಈಗಲೇ ತೆಗೆಸಲಿ. ಅದು ಸೋರಿದರೆ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ.

– ಹಳೆಯ ಕಂಪ್ಯೂಟರ್‌ಗಳ ಸಂಗ್ರಾಹಕ, ಗದಗ