ಮಲೆನಾಡಿನ ತಂಪಿಗೂ ಅನ್ನ ಕೆಡುತ್ತದೆ

ಸಂಪಾದಕರಿಗೆ,

ಮಳೆಗಾಲದ ಥಂಡಿಗೆ ಅಡುಗೆ ಕೆಡುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿ ಕೂತಿದೆ. ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು ಸುತ್ತಿನ ಅಂಗನವಾಡಿ, ಕೂಸಿನ ಮನೆ, ತೋಟದ ಶಿಶುವಿಹಾರ ಯಾವುದೇ ಆಗಲಿ, ಬೆಳಿಗ್ಗೆ ಒಂಬತ್ತಕ್ಕೆ ಇಳಿಸಿದ ಅನ್ನವನ್ನು ಮಧ್ಯಾಹ್ನ ಹನ್ನೆರಡೂವರೆಗೆ ಮಕ್ಕಳಿಗೆ ಬಡಿಸುವುದು ಅಪಾಯ.

ಹೊರಗೆ 20 ಡಿಗ್ರಿ ಇರಬಹುದು. ಬ್ಯಾಕ್ಟೀರಿಯಾ ಬೆಳೆಯಲು 5ರಿಂದ 60 ಡಿಗ್ರಿಯೊಳಗೆ ಎಲ್ಲಿದ್ದರೂ ಸಾಕು. ಜೊತೆಗೆ, ತಣ್ಣಗಾಗುವುದು ಪಾತ್ರೆಯ ಹೊರಮೈ ಮಾತ್ರ. ಮುಚ್ಚಿಟ್ಟ ದೊಡ್ಡ ತಪ್ಪಲೆಯ ನಡುವಿನ ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿನೀರಿಗೂ ಸಾಯುವುದಿಲ್ಲ. ಆ ಬೆಚ್ಚಗಿನ ಹೊತ್ತಿನಲ್ಲಿ ಮೊಳೆತು ವಿಷ ಬಿಡುತ್ತವೆ. ಆ ವಿಷ ಮತ್ತೆ ಕಾಯಿಸಿದರೆ ಹೋಗುವಂಥದ್ದಲ್ಲ, ಹಾಗಾಗಿ ಉಳಿದ ಅನ್ನಕ್ಕೆ ನಿಂಬೆ ಹಿಂಡಿ ಚಿತ್ರಾನ್ನ ಮಾಡಿದರೂ ಪ್ರಯೋಜನವಿಲ್ಲ. ತಿಂದ 1ರಿಂದ 6 ಗಂಟೆಯೊಳಗೆ ವಾಂತಿ ಶುರು. ಬಡಿಸುವ ಮುಂಚೆ ಸಹಾಯಕಿ ರುಚಿ ನೋಡುವ ಪದ್ಧತಿ ಒಳ್ಳೆಯದೇ, ಆದರೆ ಈ ವಿಷ ನಾಲಿಗೆಗೆ ಸಿಗುವುದಿಲ್ಲ.

ತರಕಾರಿ ಹೆಚ್ಚುವುದು, ಬೇಳೆ ಆರಿಸುವುದು ಬೇಗ ಮುಗಿಯಲಿ. ಅನ್ನ ಮಾತ್ರ ಊಟಕ್ಕೆ ಅರ್ಧ ಗಂಟೆ ಮುಂಚೆ ಇಳಿಯುವ ಹಾಗೆ ಒಲೆ ಹಚ್ಚಲಿ. ಬೇಗ ಮಾಡಲೇಬೇಕಾದ ದಿನ ಹಾಟ್‌ಬಾಕ್ಸ್‌ಗೆ ಮೊದಲು ಕುದಿನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ, ಹಬೆಯಾಡುವ ಅನ್ನವನ್ನು ತುಂಬಬೇಕು. ಖಾಲಿ ತಣ್ಣನೆಯ ಡಬ್ಬಿ ಅನ್ನದ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ಬಡಿಸುವಾಗ ನಡುವಿಗೆ ಚುಚ್ಚಿದ ಥರ್ಮಾಮೀಟರ್ 60ಕ್ಕಿಂತ ಕೆಳಗೆ ತೋರಿಸಬಾರದು. ಸಾಂಬಾರಿನ ಅಂಚಿನಲ್ಲಿ ಗುಳ್ಳೆ ಎದ್ದರೆ ಬಿಸಿಯಾಯಿತೆಂದಲ್ಲ. ಗಟ್ಟಿ ಬೇಳೆ ತಳದಲ್ಲಿ ಕೂತಿರುತ್ತದೆ, ತಳದಿಂದ ತಿರುವಿ ಇಡೀ ಪಾತ್ರೆ ಕುದಿಯಬೇಕು. ಉಳಿದದ್ದನ್ನು ನಾಳೆಗೆ ಇಡುವುದೇ ಬೇಡ. ಫ್ರಿಜ್ ಇದೆಯಲ್ಲ ಎನ್ನಬಹುದು. ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದರೆ, 4 ಗಂಟೆಯ ನಂತರ ಅದೂ ಒಂದು ಬೀರು ಅಷ್ಟೇ.

ಮೊಟ್ಟೆ ಕುದಿ ಬಂದ ಮೇಲೆ 10-12 ನಿಮಿಷ ಬೇಯಲಿ, ಸಿಪ್ಪೆ ಬಡಿಸುವ ಹೊತ್ತಿಗೇ ಬಿಡಿಸಲಿ. ಬೆರಳಲ್ಲಿ ಕೀವಾದ ಗಾಯ ಇದ್ದವರು ಆ ಕೆಲಸಕ್ಕೆ ಬೇಡ. ಅದರಲ್ಲಿರುವ ಸ್ಟಫೈಲೋಕಾಕಸ್ ಬ್ಯಾಕ್ಟೀರಿಯಾ ಬಿಡುವ ವಿಷವೂ ಕಾಯಿಸಿದರೆ ಹೋಗದ ಜಾತಿಯದು.

ಶೇಂಗಾ ವಿಷಯದಲ್ಲಿ ನಮ್ಮ ತೇವದ ಹವೆಯೇ ಶತ್ರು. ಮುಗ್ಗಿದ, ಸುಕ್ಕಿದ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗದು. ಆರಿಸಿ ಎಸೆಯಬೇಕು, ಒಳ್ಳೆಯ ಕಾಳನ್ನು ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಸಣ್ಣ ಮಕ್ಕಳಿಗೆ ಇಡೀ ಶೇಂಗಾ, ಹುರಿಗಡಲೆ ಗಂಟಲಿಗೆ ಸಿಕ್ಕುತ್ತವೆ. ಪುಡಿ ಮಾಡಿ ಕೊಡಲಿ. ಕಳಲೆ (ಎಳೆ ಬಿದಿರು), ಕಾಡು ಅಣಬೆ ನಮಗೆಲ್ಲ ಪ್ರಾಣ, ಆದರೂ ವಿಷದ ಅಪಾಯ ಇರುವುದರಿಂದ ಮಕ್ಕಳ ಕೇಂದ್ರದ ಅಡುಗೆಮನೆಗೆ ಬೇಡವೇ ಬೇಡ.

ಪೌಷ್ಟಿಕತೆಗೂ ಲೆಕ್ಕ ಇದೆ. 3ರಿಂದ 6 ವರ್ಷದ ಮಗುವಿಗೆ ಅಂಗನವಾಡಿಯಲ್ಲಿ ದಿನಕ್ಕೆ 500 ಕ್ಯಾಲರಿ, 12-15 ಗ್ರಾಂ ಪ್ರೋಟೀನ್ ಸಿಗಬೇಕೆಂದು 2013ರ ಆಹಾರ ಭದ್ರತಾ ಕಾಯ್ದೆಯಲ್ಲಿತ್ತು (2023ರಲ್ಲಿ ಈ ಲೆಕ್ಕ ಪರಿಷ್ಕೃತವಾಗಿದೆ). 60 ಗ್ರಾಂ ಅಕ್ಕಿಯಿಂದ ಸುಮಾರು 4 ಗ್ರಾಂ, 25 ಗ್ರಾಂ ಬೇಳೆಯಿಂದ ಐದೂವರೆ, ಒಂದು ಮೊಟ್ಟೆಯಿಂದ 6 ಗ್ರಾಂ ಪ್ರೋಟೀನ್ ಬರುತ್ತದೆ. ಬೇಳೆಯನ್ನು ತಿಳಿಸಾರು ಮಾಡಿ ನೀಗಿಸಿದರೆ, ಮೊಟ್ಟೆ ಇಲ್ಲದ ದಿನ ಲೆಕ್ಕ ಪಾತಾಳಕ್ಕೆ.

ಇಲಾಖೆಯವರು ಪಾತ್ರೆ, ಸ್ಟೌ ಜೊತೆಗೆ ಚುಚ್ಚುವ ಥರ್ಮಾಮೀಟರನ್ನೂ ಕೊಡಲಿ. ಅನ್ನ ಇಳಿಸಿದ ಹೊತ್ತು, ಬಡಿಸಿದ ಹೊತ್ತು ಎರಡನ್ನೂ ಗೋಡೆಯ ಹಲಗೆ ಮೇಲೆ ಬರೆಯಿಸಲಿ. ಮೇಲ್ವಿಚಾರಕಿಯರು ಭೇಟಿಗೆ ಬಂದಾಗ ಮೊದಲು ಅದನ್ನು ನೋಡಲಿ, ರಿಜಿಸ್ಟರ್ ಆಮೇಲೆ.

– ಆಹಾರ ಸುರಕ್ಷತಾ ತರಬೇತುದಾರರು, ಮೂಡಿಗೆರೆ