ವೈವಾ ಮುಗಿಯಿತು, ಋಣ ಬಾಕಿ ಇದೆ

ಕಳೆದ ವಾರ ಪಿಎಚ್‌.ಡಿ ವೈವಾ, ಅಂದರೆ ಪ್ರಬಂಧದ ಮೇಲಿನ ಮೌಖಿಕ ಪರೀಕ್ಷೆ, ಮುಗಿಯಿತು. ಹಾರೈಸಿದ ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ಏನು ಓದಿದೆ ಎಂದು ಕೇಳುತ್ತಿದ್ದವರಿಗೆ ಈಗಲಾದರೂ ಹೇಳಿಬಿಡುತ್ತೇನೆ: ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿರುವ ಹಾವರ್ತ್ ಎಂಬ ಉಣ್ಣೆ ಕಸುಬಿನ ಊರಿನ ಬಾವಿ, ಕಕ್ಕಸು, ಚರಂಡಿ.

1848ರ ಸಾರ್ವಜನಿಕ ಆರೋಗ್ಯ ಕಾಯ್ದೆ ಬಂದಮೇಲೆ, ತೆರಿಗೆದಾರರಲ್ಲಿ ಹತ್ತನೇ ಒಂದು ಪಾಲು ಜನ ಅರ್ಜಿ ಹಾಕಿದರೆ ಲಂಡನ್ನಿನಿಂದ ಇನ್ಸ್‌ಪೆಕ್ಟರ್ ಬಂದು ಊರು ನೋಡಬಹುದಿತ್ತು. ಹಾವರ್ತ್‌ನಲ್ಲಿ ಅದರ ಬೆನ್ನುಹತ್ತಿದವರು ಪಾದ್ರಿ ಪ್ಯಾಟ್ರಿಕ್ ಬ್ರಾಂಟಿ, ಕಾದಂಬರಿ ಬರೆದ ಷಾರ್ಲಟ್, ಎಮಿಲಿ, ಆ್ಯನ್ ಎಂಬ ಅಕ್ಕತಂಗಿಯರ ಅಪ್ಪ. 1850ರ ಏಪ್ರಿಲ್‌ನಲ್ಲಿ ಇನ್ಸ್‌ಪೆಕ್ಟರ್ ಬೆಂಜಮಿನ್ ಹರ್ಷೆಲ್ ಬ್ಯಾಬೇಜ್ ಬಂದರು. 316 ಮನೆಗಳಿಗೆ 69 ಕಕ್ಕಸು ಎಂದು ಎಣಿಸಿದರು. ಸತ್ತವರ ಸರಾಸರಿ ವಯಸ್ಸು 25.8, ನೂರಕ್ಕೆ 41ಕ್ಕೂ ಹೆಚ್ಚು ಮಂದಿ ಆರು ತುಂಬುವ ಮೊದಲೇ ಹೋಗುತ್ತಿದ್ದರು. ಬೇಸಗೆಯಲ್ಲಿ ಹಸಿರುಗಟ್ಟಿದ ಬಾವಿನೀರನ್ನು ದನಗಳೂ ಮುಟ್ಟುತ್ತಿರಲಿಲ್ಲ. ಬಡವರು ಸೋಮವಾರದ ಬಟ್ಟೆ ಒಗೆಯಲು ರಾತ್ರಿ ಎರಡು ಮೂರು ಗಂಟೆಗೇ ಎದ್ದು ನೀರಿಗೆ ಕಾಯುತ್ತಿದ್ದರು.

ಮೊದಲ ಥ್ಯಾಂಕ್ಸ್ ನನ್ನ ಸೋದರಮಾವನಿಗೆ. ಪುರಸಭೆಯ ಹೆಲ್ತ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ನಾನು ಈ ಅಂಕಿಗಳನ್ನು ಫೋನಿನಲ್ಲಿ ಓದಿದರೆ ಅವರು ಕೇಳಿದ್ದು ಒಂದೇ: "ಸ್ಮಶಾನ ಊರಿನ ಮೇಲ್ಗಡೆಯೋ, ಕೆಳಗಡೆಯೋ?" ಮೇಲ್ಗಡೆ! ಗುಡ್ಡದ ನೆತ್ತಿಯಲ್ಲಿ ಚರ್ಚು, ಅದರ ಅಂಗಳದಲ್ಲಿ ಹತ್ತು ವರ್ಷಕ್ಕೆ 1344 ಹೆಣ ಹೂತಿದ್ದರು, ಕೆಳಗೆ ಊರು; ನೀರು ಇಳಿಯುವುದು ಕೆಳಕ್ಕೇ ಅಲ್ಲವೇ. ನನ್ನ ಮೂರನೇ ಅಧ್ಯಾಯ ಹುಟ್ಟಿದ್ದು ಆ ಪ್ರಶ್ನೆಯಿಂದ.

ಹಳೆಯ ಕೈಬರಹ ಓದಲು ಕಲಿಸಿದ ಆರ್ಕೈವ್ಸ್‌ನವರಿಗೆ, ತಾಳ್ಮೆಯ ಗೈಡ್‌ಗೆ ವಂದನೆ.

ಬ್ಯಾಬೇಜ್, ಬ್ರಾಂಟಿ ಇಬ್ಬರನ್ನೂ ಹೊಗಳುವವರು ಬಹಳ. ನನಗೆ ಮಾತ್ರ, ಕಿಟಕಿ ಮುಚ್ಚಿ, ಕಬ್ಬಿಣದ ಒಲೆ ಉರಿಸಿ, ಮಲಗುವ ಕೋಣೆಯಲ್ಲೇ ಉಣ್ಣೆ ಬಾಚುತ್ತಿದ್ದವರ ಮೇಲೆ ಗೌರವ ಹೆಚ್ಚು. ಪರಸ್ಥಳದ ಅಧಿಕಾರಿಗೆ ಬಾಗಿಲು ತೆರೆದು ತಮ್ಮ ಕೊಳಕು ತೋರಿಸುವುದು ಸುಲಭವಲ್ಲ. ಅವರು ತೋರಿಸಿದ್ದಕ್ಕೆ ನನಗೆ ಪದವಿ ಸಿಕ್ಕಿತು. ಅವರಿಗೆ ಜಲಾಶಯ ಸಿಕ್ಕಿದ್ದು 1858ಕ್ಕೆ. ಸ್ವಂತ ನೀರಿದ್ದ ಅನುಕೂಲಸ್ಥರು ಊರಿನ ನೀರಿಗೆ ತಾವು ತೆರಿಗೆ ಏಕೆ ಕೊಡಬೇಕೆಂದು ತಕರಾರು ತೆಗೆದಿದ್ದರು. (ಈ ತಕರಾರು ನಮ್ಮಲ್ಲೂ ಕೇಳಿದ್ದೀರಿ.)

ಊಟದ ಹೊತ್ತಿಗೂ ಕಕ್ಕಸಿನ ಲೆಕ್ಕ ಕೇಳಿಸಿಕೊಂಡ ಮನೆಯವರಿಗೆ ಏನು ಹೇಳಲಿ! ಮಾಮಾ, ಪ್ರಬಂಧದ ಒಂದು ಪ್ರತಿಯನ್ನು ನಿಮಗೆ ಅಂಚೆಯಲ್ಲಿ ಕಳಿಸಿದ್ದೇನೆ. ನಕ್ಷೆಯಲ್ಲಿ ಇಳಿಜಾರು ಸರಿಯಾಗಿದೆಯಾ ನೋಡಿ ಹೇಳಿ.