ಶುಲ್ಕದ ಲೆಕ್ಕ ಪೋಷಕರಿಗೂ ಸಿಗಲಿ

ಸಂಪಾದಕರೇ,

ಖಾಸಗಿ ಶಾಲೆಗಳಲ್ಲಿ ದಾಖಲಾತಿ ಶುರುವಾದರೆ ಪೋಷಕರಿಗೆ ಸಾಲದ ಚಿಂತೆಯೂ ಶುರು. ಅನುದಾನರಹಿತ ಶಾಲೆಗಳು ಶಿಕ್ಷಕರ ಸಂಬಳ, ಕಟ್ಟಡದ ಬಾಡಿಗೆ, ಬ್ಯಾಂಕಿನ ಕಂತು ಎಲ್ಲವನ್ನೂ ಹೆಚ್ಚಾಗಿ ಶುಲ್ಕದಿಂದಲೇ ತೂಗಿಸಬೇಕು, ನಿಜ. ಶುಲ್ಕ ನಿಗದಿ ಮಾಡುವ ಅವುಗಳ ಹಕ್ಕನ್ನು 2002ರ ಟಿ.ಎಂ.ಎ. ಪೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. ಆದರೆ ಲಾಭಕೋರತನ ಕೂಡದು, ವಂತಿಗೆ ಕೂಡದು ಎಂದೂ ಅದೇ ತೀರ್ಪು ಹೇಳಿದೆ. 2009ರ ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯೂ ವಂತಿಗೆಯನ್ನು ನಿಷೇಧಿಸಿದೆ. ಇಷ್ಟಾದರೂ ‘ಅಭಿವೃದ್ಧಿ ನಿಧಿ’ ಅಂತ ರಸೀದಿಯಿಲ್ಲದೆ ದುಡ್ಡು ಕೇಳುವುದು ನಿಂತಿಲ್ಲ.

ಆಡಿಟ್ ಆದ ಜಮಾ–ಖರ್ಚನ್ನು ಪ್ರತಿ ಶಾಲೆಯೂ ದಾಖಲಾತಿಗೆ ಮೊದಲೇ ನೋಟಿಸ್ ಬೋರ್ಡಿಗೆ ಹಾಕಲಿ. ಶಿಕ್ಷಕರ ಸಂಬಳಕ್ಕೆ ಎಷ್ಟು ಹೋಯಿತು ಎನ್ನುವುದು ಅದರಲ್ಲಿ ಬೇರೆಯಾಗಿಯೇ ಕಾಣಬೇಕು. ಎಷ್ಟೋ ಕಡೆ ಶುಲ್ಕ ಏರಿದಷ್ಟು ಅವರ ಸಂಬಳ ಏರಿಲ್ಲ, ಅಲ್ವಾ? ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗಳು ದೂರು ಬರಲಿ ಎಂದು ಕಾಯದೆ ಈ ಲೆಕ್ಕಗಳನ್ನು ತಾವಾಗಿಯೇ ಪರಿಶೀಲಿಸಲಿ.

— ಒಬ್ಬ ಪೋಷಕ, ದಾವಣಗೆರೆ